ಓಪನ್ ವಿಸ್ವಿಚ್ ನಿರ್ವಹಣೆ ಮತ್ತು ಪರೀಕ್ಷೆ: ಎರಡನೆಯ ಪ್ಯಾಕೆಟ್ ಮೇಲೆ ಕಣ್ಣಿಡಿ

ಪಿಂಗ್‌ಗೆ ಉತ್ತರ ಬಂದ ಕೂಡಲೇ ಸ್ವಿಚ್ ಸರಿಯಾಗಿದೆ ಎಂದು ತೀರ್ಮಾನಿಸುವುದು ನೆಟ್‌ವರ್ಕ್ ನೋಡಿಕೊಳ್ಳುವವರಲ್ಲಿ ಬೇರೂರಿದ ಅಭ್ಯಾಸ. ಓಪನ್ ವಿಸ್ವಿಚ್‌ನಂತಹ ಸಾಫ್ಟ್‌ವೇರ್ ಸ್ವಿಚ್‌ಗೆ ಈ ಅಳತೆ ಸಾಲದು. ಇಲ್ಲಿ ಒಂದು ಸಂಪರ್ಕದ ಮೊದಲ ಪ್ಯಾಕೆಟ್ ಹೋಗುವ ದಾರಿಯೇ ಬೇರೆ, ಅದರ ಹಿಂದೆ ಬರುವ ಸಾವಿರಾರು ಪ್ಯಾಕೆಟ್‌ಗಳ ದಾರಿಯೇ ಬೇರೆ. ಮೊದಲನೆಯದು ಸರಿಯಾಗಿ ತಲುಪಿ ಎರಡನೆಯದು ತಪ್ಪಬಹುದು. ಒಂದು ಪ್ಯಾಕೆಟ್‌ಗೆಂದು ಮಾಡಿದ ತೀರ್ಮಾನ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದಕ್ಕೆ ಅನ್ವಯವಾಗಿಬಿಡಲೂಬಹುದು. ಈ ಎರಡೂ ದಾರಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವುದು ಹೇಗೆ, ಪರೀಕ್ಷಿಸಿದ ಸ್ವಿಚ್ಚನ್ನು ವರ್ಷಗಟ್ಟಲೆ ಆರೋಗ್ಯವಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಹಂತಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಲಿನಕ್ಸ್ ಸರ್ವರ್ ಜೊತೆ ಒಂದಿಷ್ಟು ಒಡನಾಟ, ವಿಎಲ್‌ಎಎನ್ ಎಂದರೇನು ಎಂಬ ತಿಳಿವಳಿಕೆ, ಇಷ್ಟಿದ್ದರೆ ಸಾಕು. ಆದೇಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು.

ಒಳಗೆ ಏನು ನಡೆಯುತ್ತದೆ

ಓಪನ್ ವಿಸ್ವಿಚ್ ಹುಟ್ಟಿದ್ದು ಅಮೆರಿಕದ ನೈಸಿರಾ ಎಂಬ ಕಂಪನಿಯಲ್ಲಿ. ಆ ಕಂಪನಿಯನ್ನು 2012ರಲ್ಲಿ ವಿಎಂವೇರ್ ಕೊಂಡುಕೊಂಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 3.3ರಲ್ಲಿ ಸ್ವಿಚ್ಚಿನ ಕರ್ನಲ್ ಭಾಗ ಸೇರಿಕೊಂಡಿತು. 2016ರಲ್ಲಿ ಇಡೀ ಯೋಜನೆ ಲಿನಕ್ಸ್ ಫೌಂಡೇಶನ್ ಆಶ್ರಯಕ್ಕೆ ಬಂತು. ಇಂದು ಓಪನ್‌ಸ್ಟ್ಯಾಕ್‌ನಂತಹ ಕ್ಲೌಡ್ ವ್ಯವಸ್ಥೆಗಳಲ್ಲಿ ವರ್ಚುವಲ್ ಯಂತ್ರಗಳನ್ನು ಜೋಡಿಸುವ ಕೆಲಸವನ್ನು ಬಹಳ ಕಡೆ ಇದೇ ಮಾಡುತ್ತಿದೆ.

ಮುಖ್ಯವಾಗಿ ಮೂರು ಭಾಗಗಳಿವೆ. ಸಂರಚನೆಯನ್ನು, ಅಂದರೆ ಯಾವ ಬ್ರಿಡ್ಜ್‌ನಲ್ಲಿ (ಓಪನ್ ವಿಸ್ವಿಚ್ ಒಳಗಿನ ಒಂದೊಂದು ವರ್ಚುವಲ್ ಸ್ವಿಚ್‌ನಲ್ಲಿ) ಯಾವ ಪೋರ್ಟ್, ಯಾವ ಪೋರ್ಟ್‌ಗೆ ಯಾವ ವಿಎಲ್‌ಎಎನ್ ಎಂಬುದನ್ನು ಇಟ್ಟುಕೊಳ್ಳುವುದು ‘ಓವಿಎಸ್‌ಡಿಬಿ-ಸರ್ವರ್’ ಎಂಬ ಡೇಟಾಬೇಸ್. ನಿಯಮಗಳನ್ನು ಓದಿ ತೀರ್ಮಾನಿಸುವುದು ‘ಓವಿಎಸ್-ವಿಸ್ವಿಚ್‌ಡಿ’. ಪ್ಯಾಕೆಟ್‌ಗಳನ್ನು ನಿಜವಾಗಿ ಎತ್ತಿ ಇನ್ನೊಂದು ಕಡೆ ಇಡುವುದು ಡೇಟಾಪಾತ್. ಸಾಮಾನ್ಯವಾಗಿ ಇದು ಲಿನಕ್ಸ್ ಕರ್ನಲ್ ಒಳಗಿರುತ್ತದೆ. ಕರ್ನಲ್ ಬದಿಗಿಟ್ಟು ಪ್ಯಾಕೆಟ್‌ಗಳನ್ನು ವೇಗವಾಗಿ ಸಾಗಿಸುವ ಡಿಪಿಡಿಕೆ ಎಂಬ ತಂತ್ರಾಂಶ ಬಳಸುವಂಥ ಕಡೆ ‘ಓವಿಎಸ್-ವಿಸ್ವಿಚ್‌ಡಿ’ಯ ಒಳಗೇ, ಅಂದರೆ ಯೂಸರ್‌ಸ್ಪೇಸ್‌ನಲ್ಲಿ ಇರುತ್ತದೆ.

ಯಾವ ಪ್ಯಾಕೆಟ್‌ಗೆ ಏನು ಮಾಡಬೇಕೆಂದು ನೀವು ಸ್ವಿಚ್‌ಗೆ ಬರೆದುಕೊಡುವ ನಿಯಮಗಳೇ ಓಪನ್‌ಫ್ಲೋ ನಿಯಮಗಳು. ಡೇಟಾಪಾತ್‌ಗೆ ಅವುಗಳ ಅರಿವೇ ಇಲ್ಲ. ಗುರುತಿಲ್ಲದ ಪ್ಯಾಕೆಟ್ ಬಂದರೆ ಅದನ್ನು ಮೇಲಕ್ಕೆ, ‘ಓವಿಎಸ್-ವಿಸ್ವಿಚ್‌ಡಿ’ಗೆ ಕಳಿಸುತ್ತದೆ. ಇದಕ್ಕೆ ಅಪ್‌ಕಾಲ್ ಎನ್ನುತ್ತಾರೆ. ಅದು ನಿಯಮಗಳಿರುವ ಎಲ್ಲ ಟೇಬಲ್‌ಗಳನ್ನೂ ದಾಟಿ ಉತ್ತರ ಕಂಡುಕೊಂಡು, ಆ ಉತ್ತರವನ್ನು ಮೆಗಾಫ್ಲೋ ಎಂಬ ರೂಪದಲ್ಲಿ ಡೇಟಾಪಾತ್‌ಗೆ ಬರೆದುಕೊಡುತ್ತದೆ. ಬಸ್ ನಿಲ್ದಾಣದಲ್ಲಿ ಗುಂಪಿನ ಒಬ್ಬ ಮಾತ್ರ ವಿಚಾರಣೆಯ ಕಿಟಕಿಗೆ ಹೋಗಿ ಕೇಳಿ ಬರುತ್ತಾನೆ, ಉಳಿದವರು ಅವನು ತೋರಿಸಿದ ಬಸ್ಸಿಗೆ ಹತ್ತುತ್ತಾರಲ್ಲ, ಹಾಗೆ. ಕೇಳಿ ಬಂದವನು ‘ಯಾರು ಯಾರು ಈ ಬಸ್ಸಿಗೆ’ ಎಂಬುದನ್ನು ತಪ್ಪಾಗಿ ಹೇಳಿದರೆ ಗುಂಪೆಲ್ಲ ಬೇರೆ ಊರು ಸೇರುತ್ತದೆ. ಮೆಗಾಫ್ಲೋದಲ್ಲಿಯೂ ಅಪಾಯವಿರುವುದು ಇಲ್ಲಿಯೇ. ಉತ್ತರದ ಜೊತೆ ‘ಹೆಡರ್‌ನ ಯಾವ ಕ್ಷೇತ್ರಗಳನ್ನು (ವಿಳಾಸ, ಪ್ರೋಟೋಕಾಲ್ ಮುಂತಾದವನ್ನು) ನೋಡಬೇಕು, ಯಾವುದನ್ನು ನೋಡದೆ ಬಿಡಬಹುದು’ ಎಂಬ ಮುಸುಕೂ ಇರುತ್ತದೆ. ನೋಡಲೇಬೇಕಾದ ಕ್ಷೇತ್ರವನ್ನು ಬಿಟ್ಟುಬಿಟ್ಟರೆ ಒಂದು ಪ್ಯಾಕೆಟ್‌ನ ಉತ್ತರ ಹಲವಕ್ಕೆ ಹಬ್ಬುತ್ತದೆ.

ಇದು ಕೇವಲ ಊಹೆಯ ಭಯವಲ್ಲ. ಸಿವಿಇ-2023-1668 ಎಂದು ದಾಖಲಾದ ಭದ್ರತಾ ದೋಷ ಇಂಥದ್ದೇ. ಐಪಿ ಹೆಡರ್‌ನಲ್ಲಿ ಪ್ರೋಟೋಕಾಲ್ ಸಂಖ್ಯೆ ಸೊನ್ನೆ ಇರುವ ಪ್ಯಾಕೆಟ್ ಬಂದಾಗ, ಹೆಡರ್ ಬದಲಿಸುವ ಕ್ರಿಯೆಯನ್ನು ಬಿಟ್ಟು ಮೆಗಾಫ್ಲೋ ಬರೆಯಲಾಗುತ್ತಿತ್ತು. ಅದರಲ್ಲಿ ಪ್ರೋಟೋಕಾಲ್ ಕ್ಷೇತ್ರವೇ ಮುಸುಕಿನಿಂದ ಹೊರಗಿರುತ್ತಿತ್ತು. ಹಾಗಾಗಿ ಬೇರೆ ಪ್ರೋಟೋಕಾಲ್‌ನ ಸಾಚಾ ಪ್ಯಾಕೆಟ್‌ಗಳೂ ಆ ತಪ್ಪು ಕ್ರಿಯೆಗೆ ಸಿಕ್ಕಿಬೀಳುತ್ತಿದ್ದವು. ಹೊರಗಿನವರು ಒಂದು ವಿಚಿತ್ರ ಪ್ಯಾಕೆಟ್ ಕಳಿಸಿ ಉಳಿದವರ ಸಂಚಾರ ಕೆಡಿಸಬಹುದಿತ್ತು. ಪಿಂಗ್ ಪರೀಕ್ಷೆ ಇದನ್ನು ಎಂದಿಗೂ ಹಿಡಿಯದು.

ಹಂತ 1: ಯಾವ ಆವೃತ್ತಿಯ ಮೇಲೆ ನಿಲ್ಲಬೇಕು

ಫೆಬ್ರವರಿ ಮತ್ತು ಆಗಸ್ಟ್ ಆಸುಪಾಸಿನಲ್ಲಿ, ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಅವುಗಳ ನಡುವೆ ದೀರ್ಘಾವಧಿ ಬೆಂಬಲದ ಆವೃತ್ತಿಗಳಿವೆ. 2022ರ 2.17 ಮತ್ತು 2024ರ 3.3 ಹಾಗೆ ಬಂದಂಥವು. ನಿಮ್ಮ ಬಳಿ ಹೊಸ ಸೌಲಭ್ಯಕ್ಕೆ ಖಚಿತವಾದ ಕಾರಣವಿಲ್ಲದಿದ್ದರೆ ದೀರ್ಘಾವಧಿಯದನ್ನೇ ಹಿಡಿಯಿರಿ. ಆದರೆ ಅದರ ಸಣ್ಣ ಬಿಡುಗಡೆಗಳನ್ನು ತಪ್ಪಿಸಬೇಡಿ. ಭದ್ರತಾ ತಿದ್ದುಪಡಿಗಳು ಬರುವುದು ಅವುಗಳಲ್ಲಿಯೇ.

ಇನ್ನೊಂದು ವಿಷಯ. ಹಳೆಯ ಮಾರ್ಗದರ್ಶಿಗಳಲ್ಲಿ ಓಪನ್ ವಿಸ್ವಿಚ್ ಮೂಲದಿಂದ (ಸೋರ್ಸ್ ಕೋಡ್‌ನಿಂದ) ಕರ್ನಲ್ ಮಾಡ್ಯೂಲ್ ಕಟ್ಟುವ ಉದ್ದನೆಯ ಅಧ್ಯಾಯ ಇರುತ್ತದೆ. 2022ರ ಆಗಸ್ಟ್‌ನಲ್ಲಿ ಬಂದ 3.0 ಆವೃತ್ತಿಯಿಂದ ಆ ಮಾಡ್ಯೂಲನ್ನು ಮೂಲದಿಂದ ತೆಗೆದಿದ್ದಾರೆ. ಈಗ ಲಿನಕ್ಸ್ ಕರ್ನಲ್ ಜೊತೆಗೆ ಬರುವ ಮಾಡ್ಯೂಲೇ ಗತಿ. ಆದ್ದರಿಂದ ಆವೃತ್ತಿ ಬರೆದಿಡುವಾಗ ಕರ್ನಲ್ ಆವೃತ್ತಿಯನ್ನೂ ಪಕ್ಕದಲ್ಲೇ ಬರೆದಿಡಿ. ಕರ್ನಲ್ ಬದಲಾದರೆ ನಿಮ್ಮ ಸ್ವಿಚ್ಚಿನ ಅರ್ಧಭಾಗ ಬದಲಾದಂತೆಯೇ.

ಹಂತ 2: ಮೂಲದಿಂದ ಕಟ್ಟಿ

ಲಿನಕ್ಸ್ ವಿತರಣೆಯ ಜೊತೆ ಬರುವ ಸಿದ್ಧ ಪ್ಯಾಕೇಜನ್ನೇ ಬಳಸುವವರೂ ಒಮ್ಮೆಯಾದರೂ ಮೂಲದಿಂದ ಕಟ್ಟಬೇಕು, ಏಕೆಂದರೆ ಪರೀಕ್ಷೆಗಳ ಭಂಡಾರ ಇರುವುದು ಅಲ್ಲಿ. ಸಿ ಕಂಪೈಲರ್, ಪೈಥಾನ್ 3, ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್ ಬೇಕು. ಗಿಟ್‌ನಿಂದ ಮೂಲ ತಂದು, ಬೇಕಾದ ಶಾಖೆಗೆ ಹೋಗಿ, ‘ಬೂಟ್.ಎಸ್‌ಎಚ್’, ‘ಕಾನ್ಫಿಗರ್’, ‘ಮೇಕ್’ ಈ ಕ್ರಮದಲ್ಲಿ ನಡೆಸಿ. ‘ಕಾನ್ಫಿಗರ್’ಗೆ ‘ಎನೇಬಲ್-ವೆರರ್’ ಆಯ್ಕೆ ಕೊಟ್ಟರೆ ಕಂಪೈಲರ್‌ನ ಪ್ರತಿ ಎಚ್ಚರಿಕೆಯೂ ದೋಷವಾಗಿ ನಿಲ್ಲುತ್ತದೆ. ಕೋಡ್ ಮುಟ್ಟುವವರಿಗೆ ಇದು ಕಡ್ಡಾಯ ಎಂದೇ ನನ್ನ ಅಭಿಪ್ರಾಯ.

ಪರೀಕ್ಷೆಗಾಗಿ ಎರಡನೆಯ ಕಟ್ಟಡವೊಂದನ್ನು (ಬಿಲ್ಡ್ ಅನ್ನು) ಬೇರೆ ಡೈರೆಕ್ಟರಿಯಲ್ಲಿ ಇಟ್ಟುಕೊಳ್ಳಿ. ಅದನ್ನು ಅಡ್ರೆಸ್ ಸ್ಯಾನಿಟೈಸರ್ ಜೊತೆ ಕಟ್ಟಬೇಕು. ಅಂದರೆ ಕಂಪೈಲರ್ ಆಯ್ಕೆಗಳಲ್ಲಿ ‘ಎಫ್‌ಸ್ಯಾನಿಟೈಸ್=ಅಡ್ರೆಸ್’ ಸೇರಿಸಬೇಕು. ಪ್ಯಾಕೆಟ್ ಬಿಡಿಸಿ ಓದುವ ಕೋಡ್‌ನಲ್ಲಿ ಮೆಮೊರಿಯ ಗಡಿ ಮೀರುವ ತಪ್ಪುಗಳು ಮಾಮೂಲಿ ಕಟ್ಟಡದಲ್ಲಿ ಸದ್ದಿಲ್ಲದೆ ದಾಟಿಹೋಗುತ್ತವೆ, ಇದರಲ್ಲಿ ಕೂಡಲೇ ಬಾಯಿಬಿಡುತ್ತವೆ.

ಪೂರ್ವನಿಯೋಜಿತವಾಗಿ ಎಲ್ಲವೂ ‘/ಯುಎಸ್‌ಆರ್/ಲೋಕಲ್’ ಕೆಳಗೆ ಕೂರುತ್ತದೆ, ವಿತರಣೆಯ ಪ್ಯಾಕೇಜ್ ಬೇರೆ ಕಡೆ ಇರುತ್ತದೆ. ಎರಡೂ ಒಂದೇ ಯಂತ್ರದಲ್ಲಿದ್ದರೆ, ಒಂದರ ಆದೇಶ ಇನ್ನೊಂದರ ಡೇಟಾಬೇಸ್ ಹುಡುಕುತ್ತ ಸಿಗದೆ ತೊಳಲಾಡುತ್ತದೆ. ಪರೀಕ್ಷೆಯ ಕಟ್ಟಡವನ್ನು ಸ್ಥಾಪಿಸಲೇಬೇಡಿ. ಮುಂದಿನ ಹಂತಗಳಿಗೆ ಅದರ ಅಗತ್ಯವೂ ಇಲ್ಲ.

ಹಂತ 3: ‘ಮೇಕ್ ಚೆಕ್’ ನಡೆಸಿ, ಓದಿ

‘ಮೇಕ್ ಚೆಕ್’ ಎಂದರೆ ಎರಡು ಸಾವಿರಕ್ಕೂ ಹೆಚ್ಚು ಪರೀಕ್ಷೆಗಳು ಒಂದರ ಹಿಂದೊಂದು ಓಡುತ್ತವೆ. ರೂಟ್ ಅಧಿಕಾರ ಬೇಡ, ನಿಜವಾದ ನೆಟ್‌ವರ್ಕ್ ಕಾರ್ಡ್ ಬೇಡ. ‘ಡಮ್ಮಿ’ ಎಂಬ ಕಾಲ್ಪನಿಕ ಡೇಟಾಪಾತ್ ಮೇಲೆ ಎಲ್ಲವೂ ನಡೆಯುತ್ತದೆ. ‘ಟೆಸ್ಟ್‌ಸೂಟ್‌ಫ್ಲ್ಯಾಗ್ಸ್’ ಎಂಬ ಚರಕ್ಕೆ ‘-ಜೆ8’ ಎಂದು ಕೊಟ್ಟರೆ ಎಂಟು ಪರೀಕ್ಷೆಗಳು ಒಟ್ಟೊಟ್ಟಿಗೆ ಓಡುತ್ತವೆ. ಅದೇ ಚರಕ್ಕೆ ಪರೀಕ್ಷೆಯ ಸಂಖ್ಯೆಯನ್ನೋ, ‘-ಕೆ’ ಜೊತೆ ಒಂದು ಕೀಲಿಪದವನ್ನೋ ಕೊಟ್ಟರೆ ಅಷ್ಟನ್ನು ಮಾತ್ರ ಓಡಿಸಬಹುದು.

ಒಟ್ಟೊಟ್ಟಿಗೆ ಓಡಿಸಿದಾಗ ಯಂತ್ರದ ಮೇಲೆ ಭಾರ ಹೆಚ್ಚಿ ಕೆಲವು ಪರೀಕ್ಷೆಗಳು ಸಮಯ ಸಾಲದೆ ಸೋಲುವುದುಂಟು. ಅದಕ್ಕೆಂದೇ ‘ರೀಚೆಕ್=ಯೆಸ್’ ಎಂಬ ಆಯ್ಕೆಯಿದೆ, ಸೋತವನ್ನು ಮತ್ತೊಮ್ಮೆ ಒಂದೊಂದಾಗಿ ಓಡಿಸುತ್ತದೆ. ಎರಡನೆಯ ಸಲ ಗೆದ್ದರೆ ಸುಮ್ಮನಾಗಿಬಿಡಬೇಡಿ. ಆಗಾಗ ಸೋಲುವ ಪರೀಕ್ಷೆ ಎಷ್ಟೋ ಸಲ ನಿಜವಾದ ಪೈಪೋಟಿ ದೋಷವನ್ನು, ಅಂದರೆ ಎರಡು ಥ್ರೆಡ್‌ಗಳಲ್ಲಿ ಯಾವುದು ಮೊದಲು ಮುಗಿಸಿತು ಎಂಬುದರ ಮೇಲೆ ಫಲಿತಾಂಶ ನಿಂತಿರುವುದನ್ನು ತೋರಿಸುತ್ತಿರುತ್ತದೆ. ಅಂಥವುಗಳ ಹೆಸರುಗಳನ್ನು ಪಟ್ಟಿಮಾಡಿಟ್ಟು, ಒಂದೇ ಹೆಸರು ಪದೇಪದೇ ಬಂದರೆ ಅದರ ಬೆನ್ನು ಹತ್ತಿ.

ಸೋತ ಪ್ರತಿ ಪರೀಕ್ಷೆಯ ಡೈರೆಕ್ಟರಿ ‘ಟೆಸ್ಟ್ಸ್/ಟೆಸ್ಟ್‌ಸೂಟ್.ಡಿಐಆರ್’ ಒಳಗೆ ಅದರ ಸಂಖ್ಯೆಯ ಹೆಸರಿನಲ್ಲಿ ಉಳಿದಿರುತ್ತದೆ. ಅಲ್ಲಿನ ‘ಟೆಸ್ಟ್‌ಸೂಟ್.ಲಾಗ್’ ಕಡತದಲ್ಲಿ ನಿರೀಕ್ಷಿತ ಫಲಿತಾಂಶಕ್ಕೂ ಬಂದ ಫಲಿತಾಂಶಕ್ಕೂ ಇರುವ ವ್ಯತ್ಯಾಸ ಇರುತ್ತದೆ. ಅದನ್ನು ಓದದೆ ‘ಸೋತಿತು’ ಎಂದಷ್ಟೇ ಯಾರಿಗೂ ವರದಿ ಮಾಡಬೇಡಿ.

ಇದು ಮುಗಿದ ಮೇಲೆ ನಿಜವಾದ ಕರ್ನಲ್ ಡೇಟಾಪಾತ್ ಮೇಲೆ ಓಡುವ ‘ಮೇಕ್ ಚೆಕ್-ಕರ್ನಲ್’, ಯೂಸರ್‌ಸ್ಪೇಸ್ ಡೇಟಾಪಾತ್ ಮೇಲೆ ಓಡುವ ‘ಮೇಕ್ ಚೆಕ್-ಸಿಸ್ಟಮ್-ಯೂಸರ್‌ಸ್ಪೇಸ್’ ಇವೆ. ಎರಡಕ್ಕೂ ರೂಟ್ ಅಧಿಕಾರ ಬೇಕು. ಎರಡೂ ಯಂತ್ರದ ನೆಟ್‌ವರ್ಕ್ ಸ್ಥಿತಿಯನ್ನು ಮುಟ್ಟುತ್ತವೆ. ಆದ್ದರಿಂದ ಕಳೆದುಹೋದರೂ ಚಿಂತೆಯಿಲ್ಲದ ವರ್ಚುವಲ್ ಯಂತ್ರದಲ್ಲಿ ಮಾತ್ರ ಓಡಿಸಿ. ಕರ್ನಲ್ ನವೀಕರಿಸಿದಾಗಲೆಲ್ಲ ‘ಚೆಕ್-ಕರ್ನಲ್’ ಓಡಬೇಕು. ‘ಮೇಕ್ ಚೆಕ್’ ಮಾತ್ರ ಓಡಿಸಿದರೆ ಕರ್ನಲ್‌ನೊಳಗಿನ ದಾರಿಯನ್ನು ಮುಟ್ಟಿಯೂ ನೋಡಿದಂತಾಗುವುದಿಲ್ಲ.

ಹಂತ 4: ಸ್ಯಾಂಡ್‌ಬಾಕ್ಸ್‌ನಲ್ಲಿ ಒಂದೊಂದೇ ಪ್ಯಾಕೆಟ್ ಹಿಂಬಾಲಿಸಿ

‘ಮೇಕ್ ಸ್ಯಾಂಡ್‌ಬಾಕ್ಸ್’ ಎಂದರೆ ಪ್ರತ್ಯೇಕ ಡೇಟಾಬೇಸ್, ಪ್ರತ್ಯೇಕ ಸ್ವಿಚ್ ಇರುವ ಹೊಸ ಶೆಲ್ ತೆರೆದುಕೊಳ್ಳುತ್ತದೆ. ಯಂತ್ರದ ನಿಜವಾದ ನೆಟ್‌ವರ್ಕ್‌ಗೆ ಏನೂ ಆಗುವುದಿಲ್ಲ. ನಿಯಮಗಳನ್ನು ಬರೆದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಇಲ್ಲಿ ನಿಮ್ಮ ಮುಖ್ಯ ಸಾಧನ ‘ಓವಿಎಸ್-ಆ್ಯಪ್‌ಸಿಟಿಎಲ್ ಒಎಫ್‌ಪ್ರೋಟೋ/ಟ್ರೇಸ್’. ಮುಂದೆ ಬರುವ, ಹೆಸರಿನ ನಡುವೆ ‘/’ ಇರುವ ಆದೇಶಗಳನ್ನೂ ಹೀಗೆಯೇ ‘ಓವಿಎಸ್-ಆ್ಯಪ್‌ಸಿಟಿಎಲ್’ ಜೊತೆ ಕೊಡಬೇಕು. ಬ್ರಿಡ್ಜ್‌ನ ಹೆಸರು, ಒಳಬರುವ ಪೋರ್ಟ್, ಎಂಎಸಿ ವಿಳಾಸಗಳು, ವಿಎಲ್‌ಎಎನ್ ಇಷ್ಟನ್ನು ಕೊಟ್ಟರೆ, ಅಂತಹ ಪ್ಯಾಕೆಟ್ ಬಂದರೆ ಯಾವ ಟೇಬಲ್‌ನಲ್ಲಿ ಯಾವ ನಿಯಮಕ್ಕೆ ಸಿಗುತ್ತದೆ ಎಂದು ಸಾಲುಸಾಲಾಗಿ ಹೇಳುತ್ತದೆ. ಬಹಳಷ್ಟು ಜನ ಕೊನೆಯ ‘ಡೇಟಾಪಾತ್ ಆ್ಯಕ್ಷನ್ಸ್’ ಸಾಲು ನೋಡಿ ಮುಂದೆ ಹೋಗುತ್ತಾರೆ. ಅದರ ಮೇಲಿರುವ ‘ಮೆಗಾಫ್ಲೋ’ ಸಾಲನ್ನು ಓದಿ. ಮೊದಲೇ ಹೇಳಿದ ಮುಸುಕು ಕಾಣುವುದು ಅಲ್ಲಿ. ‘ಮೂಲ ಐಪಿ ನೋಡಿ ತಡೆಯಬೇಕು’ ಎಂಬ ನಿಯಮ ಬರೆದಿದ್ದೀರಿ ಎನ್ನಿ. ಮೆಗಾಫ್ಲೋ ಸಾಲಿನಲ್ಲಿ ಮೂಲ ಐಪಿಯ ಸುಳಿವೇ ಇಲ್ಲದಿದ್ದರೆ, ನಿಮ್ಮ ನಿಯಮವನ್ನು ಪ್ಯಾಕೆಟ್ ತಲುಪುವ ಮೊದಲೇ ಹೆಚ್ಚಿನ ಆದ್ಯತೆಯ ಇನ್ನಾವುದೋ ನಿಯಮ ಅದನ್ನು ಹಿಡಿದಿದೆ ಎಂದರ್ಥ.

ಮುಸುಕಿನಲ್ಲಿ ಇಡೀ ವಿಳಾಸ ಅಥವಾ ಇಡೀ ಪೋರ್ಟ್ ಸಂಖ್ಯೆಯ ಬದಲು ಅದರ ಮೊದಲ ಕೆಲವು ಬಿಟ್‌ಗಳು ಮಾತ್ರ ಇರುವುದುಂಟು. ಅದು ದೋಷವಲ್ಲ. ‘ಈ ಪ್ಯಾಕೆಟ್ ಆ ನಿಯಮಕ್ಕೆ ಸೇರದು’ ಎಂದು ಹೇಳಲು ಅಷ್ಟೇ ಬಿಟ್‌ಗಳು ಸಾಕಾದಾಗ ಸ್ವಿಚ್ ಬೇಕೆಂದೇ ಹಾಗೆ ಮಾಡುತ್ತದೆ. ಮೆಗಾಫ್ಲೋ ಎಷ್ಟು ವಿಶಾಲವಾದರೆ ಅಪ್‌ಕಾಲ್‌ಗಳು ಅಷ್ಟು ಕಡಿಮೆ.

ಟ್ರೇಸ್ ಕೇವಲ ಊಹೆಯ ಪ್ಯಾಕೆಟ್. ಅದರಿಂದ ಎಂಎಸಿ ಟೇಬಲ್‌ಗೆ ಏನೂ ಸೇರುವುದಿಲ್ಲ. ಕಲಿಕೆಯೂ ನಡೆಯಬೇಕಿದ್ದರೆ ‘-ಜನರೇಟ್’ ಸೇರಿಸಿ, ಆಮೇಲೆ ‘ಎಫ್‌ಡಿಬಿ/ಶೋ’ ಆದೇಶದಿಂದ ಯಾವ ಎಂಎಸಿ ಯಾವ ಪೋರ್ಟ್‌ನಲ್ಲಿ ದಾಖಲಾಯಿತು ನೋಡಿ. ಹೋಗುವ ಪ್ಯಾಕೆಟ್ ಟ್ರೇಸ್ ಮಾಡಿ, ಮರಳುವುದನ್ನೂ ಮಾಡಿ. ಮೊದಲನೆಯದು ಎಲ್ಲ ಪೋರ್ಟ್‌ಗಳಿಗೂ ಹರಡಬೇಕು, ಮರಳುವುದು ಕಲಿತ ಒಂದೇ ಪೋರ್ಟ್‌ಗೆ ಹೋಗಬೇಕು.

ಹಂತ 5: ನೇಮ್‌ಸ್ಪೇಸ್‌ಗಳಲ್ಲಿ ಪುಟ್ಟ ಪ್ರಯೋಗಾಲಯ

ಈಗ ನಿಜವಾದ ಪ್ಯಾಕೆಟ್‌ಗಳು. ವರ್ಚುವಲ್ ಯಂತ್ರವೊಂದರಲ್ಲಿ ‘ಐಪಿ ನೆಟ್‌ಎನ್‌ಎಸ್ ಆಡ್’ ಆದೇಶದಿಂದ ಮೂರು ನೇಮ್‌ಸ್ಪೇಸ್ ಮಾಡಿ. ಒಂದೊಂದೂ ತನ್ನದೇ ನೆಟ್‌ವರ್ಕ್ ಇರುವ ಪುಟ್ಟ ಯಂತ್ರದಂತೆ ವರ್ತಿಸುತ್ತದೆ. ಪ್ರತಿಯೊಂದಕ್ಕೂ ಒಂದು ‘ವೀಈಟಿಎಚ್’ ಜೋಡಿ, ಜೋಡಿಯ ಒಂದು ತುದಿ ನೇಮ್‌ಸ್ಪೇಸ್ ಒಳಗೆ, ಇನ್ನೊಂದು ತುದಿ ಓಪನ್ ವಿಸ್ವಿಚ್ ಬ್ರಿಡ್ಜ್‌ಗೆ. ಎರಡು ಪೋರ್ಟ್‌ಗಳಿಗೆ ‘ಟ್ಯಾಗ್=10’, ಮೂರನೆಯದಕ್ಕೆ ‘ಟ್ಯಾಗ್=20’ ಕೊಡಿ. ಮೂವರಿಗೂ ಒಂದೇ ಸಬ್‌ನೆಟ್‌ನ ವಿಳಾಸ ಕೊಡಿ, ಬೇರೆ ಸಬ್‌ನೆಟ್ ಕೊಟ್ಟರೆ ವಿಎಲ್‌ಎಎನ್ ತಡೆದಿದ್ದೋ ಐಪಿ ತಡೆದಿದ್ದೋ ತಿಳಿಯದು.

ಮೊದಲಿಗೆ 10ರ ಇಬ್ಬರ ನಡುವೆ ಪಿಂಗ್ ಹೋಗಬೇಕು, 20ಕ್ಕೆ ಹೋಗಬಾರದು. ಹೋಗಬಾರದ್ದು ಹೋಗದಿರುವುದನ್ನು ಪರೀಕ್ಷಿಸದಿದ್ದರೆ ಅರ್ಧ ಕೆಲಸವೂ ಆಗಿಲ್ಲ. 20ರ ನೇಮ್‌ಸ್ಪೇಸ್ ಒಳಗೆ ಬರುವ ಪ್ಯಾಕೆಟ್‌ಗಳನ್ನು ತೋರಿಸುವ ‘ಟಿಸಿಪಿಡಂಪ್’ ಹಚ್ಚಿ, 10ರವರ ಎಆರ್‌ಪಿ ಕೂಗು (‘ಈ ಐಪಿ ಯಾರದು’ ಎಂದು ಎಲ್ಲರನ್ನೂ ಕೇಳುವ ಪ್ಯಾಕೆಟ್) ಅಲ್ಲಿ ಕೇಳಿಸುತ್ತಿಲ್ಲ ಎಂದು ಕಣ್ಣಾರೆ ನೋಡಿ.

ಆಮೇಲೆ ಎರಡನೆಯ ಪ್ಯಾಕೆಟ್ ಪರೀಕ್ಷೆ. ನಿಲ್ಲದೆ ಓಡುವ ಪಿಂಗ್ ಹಚ್ಚಿಟ್ಟು, ಅದು ಓಡುತ್ತಿರುವಾಗಲೇ ಒಂದು ಪೋರ್ಟ್‌ನ ಟ್ಯಾಗನ್ನು 10ರಿಂದ 20ಕ್ಕೆ ಬದಲಿಸಿ. ಈ ಹೊತ್ತಿಗೆ ಡೇಟಾಪಾತ್‌ನಲ್ಲಿ ಹಳೆಯ ಮೆಗಾಫ್ಲೋ ಬಿಸಿಬಿಸಿಯಾಗಿ ಕೂತಿರುತ್ತದೆ. ‘ರಿವ್ಯಾಲಿಡೇಟರ್’ ಥ್ರೆಡ್‌ಗಳು ಅದನ್ನು ಗುರುತಿಸಿ ಅಳಿಸಬೇಕು, ಪಿಂಗ್ ನಿಲ್ಲಬೇಕು. ಟ್ಯಾಗ್ ಮರಳಿ 10ಕ್ಕೆ ತಂದರೆ ಮತ್ತೆ ಶುರುವಾಗಬೇಕು. ಸಂರಚನೆ ಬದಲಾದರೂ ಹಳೆಯ ತೀರ್ಮಾನವೇ ಮುಂದುವರಿಯುವ ದೋಷಗಳನ್ನು ಇದು ಹಿಡಿಯುತ್ತದೆ. ಜೊತೆಗೆ ‘ಡಿಪಿಸಿಟಿಎಲ್/ಡಂಪ್-ಫ್ಲೋಸ್’ ಓಡಿಸಿ ಮೆಗಾಫ್ಲೋಗಳು ಹುಟ್ಟುವುದನ್ನೂ ಸಾಯುವುದನ್ನೂ ನೋಡಿ. ಬಳಕೆಯಿಲ್ಲದ ಮೆಗಾಫ್ಲೋ ಸಾಮಾನ್ಯವಾಗಿ 10 ಸೆಕೆಂಡ್‌ಗಳಲ್ಲಿ ಮಾಯವಾಗುತ್ತದೆ. ಹಾಗಾಗಿ 10 ಸೆಕೆಂಡ್‌ಗಿಂತ ಹೆಚ್ಚು ಬಿಡುವು ಕೊಟ್ಟು ಕಳಿಸುವ ಪ್ಯಾಕೆಟ್ ಮತ್ತೆ ‘ಮೊದಲ’ ಪ್ಯಾಕೆಟ್ ಆಗುತ್ತದೆ. ಪ್ರತಿ ಪರೀಕ್ಷೆಯನ್ನೂ ಒಮ್ಮೆ ಬಿಡುವಿಲ್ಲದೆ, ಒಮ್ಮೆ ಬಿಡುವು ಕೊಟ್ಟು ಮಾಡಿ.

ವಿಚಿತ್ರ ವರ್ತನೆ ಕಂಡರೆ ‘ಅಪ್‌ಕಾಲ್/ಡಿಸೇಬಲ್-ಮೆಗಾಫ್ಲೋಸ್’ ಎಂಬ ಆದೇಶವಿದೆ. ಆಗ ಮುಸುಕಿಲ್ಲದೆ, ಎಲ್ಲ ಕ್ಷೇತ್ರಗಳೂ ಅಕ್ಷರಶಃ ಹೊಂದುವ ತೀರ್ಮಾನಗಳು ಮಾತ್ರ ಡೇಟಾಪಾತ್‌ಗೆ ಹೋಗುತ್ತವೆ. ಆಗ ದೋಷ ಮಾಯವಾದರೆ ತಪ್ಪು ಮುಸುಕಿನ ಲೆಕ್ಕದಲ್ಲಿದೆ, ಉಳಿದರೆ ನಿಯಮದಲ್ಲಿಯೋ ಅನುವಾದಿಸುವ ಕೋಡ್‌ನಲ್ಲಿಯೋ ಇದೆ. ಒಂದೇ ಏಟಿಗೆ ಹುಡುಕಾಟದ ಕ್ಷೇತ್ರ ಅರ್ಧವಾಗುತ್ತದೆ. ವೇಗ ತೀರಾ ಕುಸಿಯುವುದರಿಂದ ಬಳಕೆಯಲ್ಲಿರುವ ಸರ್ವರ್‌ನಲ್ಲಿ ಇದನ್ನು ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ‘ಅಪ್‌ಕಾಲ್/ಎನೇಬಲ್-ಮೆಗಾಫ್ಲೋಸ್’ ಮರೆಯಬೇಡಿ.

ಗಾತ್ರದ ಪರೀಕ್ಷೆಯೂ ಆಗಬೇಕು. ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವ ವಿಎಕ್ಸ್‌ಲ್ಯಾನ್ ಸುರಂಗ ಇದ್ದರೆ ಐಪಿವಿ4 ಮೇಲೆ ಪ್ರತಿ ಪ್ಯಾಕೆಟ್‌ಗೆ 50 ಬೈಟ್ ಹೊರೆ ಸೇರುತ್ತದೆ. ಭೌತಿಕ ಜಾಲದ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಆಗಿದ್ದರೆ ಒಳಗಿನವರಿಗೆ ಉಳಿಯುವುದು 1450. ತುಂಡರಿಸಬೇಡ ಎಂಬ ಸೂಚನೆಯೊಂದಿಗೆ 1422 ಬೈಟ್‌ಗಳ ಪಿಂಗ್ ಕಳಿಸಿ, ಅದಕ್ಕೆ ಐಸಿಎಂಪಿ ಮತ್ತು ಐಪಿ ಹೆಡರ್‌ಗಳ 28 ಸೇರಿ ಸರಿಯಾಗಿ 1450 ಆಗುತ್ತದೆ. 1423 ಹೋಗಬಾರದು. ಸಣ್ಣ ಪಿಂಗ್ ಹೋಗಿ, ಲಾಗಿನ್ ಆಗಿ, ದೊಡ್ಡ ಕಡತ ನಕಲಿಸುವಾಗ ಮಾತ್ರ ಸಂಪರ್ಕ ಹೆಪ್ಪುಗಟ್ಟಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ವೇಗ ಅಳೆಯುವ ‘ಐಪರ್ಫ್3’ ಬಳಸಿ ಟಿಸಿಪಿ, ಯುಡಿಪಿ ಎರಡನ್ನೂ ಓಡಿಸಿ.

ಆರಂಭಿಕರು ಮುಗ್ಗರಿಸುವ ಎರಡು ಜಾಗಗಳಿವೆ. ಭೌತಿಕ ನೆಟ್‌ವರ್ಕ್ ಕಾರ್ಡನ್ನು ಬ್ರಿಡ್ಜ್‌ಗೆ ಸೇರಿಸಿದರೆ ಆ ಕಾರ್ಡಿನ ಮೇಲಿದ್ದ ಐಪಿ ವಿಳಾಸ ಕೆಲಸಕ್ಕೆ ಬಾರದು. ವಿಳಾಸವನ್ನು ಬ್ರಿಡ್ಜ್‌ನ ಹೆಸರಿನದೇ ಆದ ಒಳ ಪೋರ್ಟ್‌ಗೆ ವರ್ಗಾಯಿಸಬೇಕು. ದೂರದಿಂದ ಎಸ್‌ಎಸ್‌ಎಚ್ ಮೂಲಕ ಇದನ್ನು ಮಾಡಹೊರಟರೆ ನಡುವೆಯೇ ಸಂಪರ್ಕ ಕಡಿದುಹೋಗುತ್ತದೆ. ಎರಡನೆಯದು, ಒಂದೇ ಜಾಲಕ್ಕೆ ಹೋಗುವ ಎರಡು ಕಾರ್ಡ್‌ಗಳನ್ನು ಒಂದೇ ಬ್ರಿಡ್ಜ್‌ಗೆ ಸೇರಿಸುವುದು. ಇಂಥ ಸುತ್ತುಗಳನ್ನು ತಡೆಯುವ ಎಸ್‌ಟಿಪಿ ಪೂರ್ವನಿಯೋಜಿತವಾಗಿ ಆರಿರುವುದರಿಂದ ಪ್ಯಾಕೆಟ್‌ಗಳು ಸುತ್ತುತ್ತಲೇ ಇದ್ದು ಇಡೀ ಜಾಲ ಮಲಗುತ್ತದೆ. ಎರಡು ಕಾರ್ಡ್ ಬೇಕೆಂದರೆ ಬಾಂಡ್ ಮಾಡಿ, ಅಂದರೆ ಎರಡನ್ನೂ ಒಂದೇ ಪೋರ್ಟ್‌ನಂತೆ ಜೋಡಿಸಿ.

ಹಂತ 6: ನಿಮ್ಮ ಪರೀಕ್ಷೆಯನ್ನು ಬರೆದಿಡಿ

ಕೈಯಿಂದ ಮಾಡಿದ ಪರೀಕ್ಷೆ ಮುಂದಿನ ಆವೃತ್ತಿ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ. ಓಪನ್ ವಿಸ್ವಿಚ್ ಬಳಸುವುದು ಗ್ನೂ ಆಟೋಟೆಸ್ಟ್ ಎಂಬ ಚೌಕಟ್ಟನ್ನು, ಪರೀಕ್ಷೆಗಳು ‘ಟೆಸ್ಟ್ಸ್’ ಡೈರೆಕ್ಟರಿಯಲ್ಲಿ ‘.ಎಟಿ’ ಕಡತಗಳಲ್ಲಿವೆ. ರಚನೆ ಸರಳ: ‘ಎಟಿ_ಸೆಟಪ್’ನಲ್ಲಿ ಹೆಸರು, ‘ಓವಿಎಸ್_ವಿಸ್ವಿಚ್‌ಡಿ_ಸ್ಟಾರ್ಟ್’ನಿಂದ ಆರಂಭ, ‘ಎಟಿ_ಚೆಕ್’ನಲ್ಲಿ ಆದೇಶ ಮತ್ತು ನಿರೀಕ್ಷಿತ ಫಲಿತಾಂಶ, ‘ಓವಿಎಸ್_ವಿಸ್ವಿಚ್‌ಡಿ_ಸ್ಟಾಪ್’, ಕೊನೆಗೆ ‘ಎಟಿ_ಕ್ಲೀನಪ್’. ಈ ಸ್ಟಾಪ್ ಸಾಲು ಬರೀ ನಿಲ್ಲಿಸುವುದಷ್ಟೇ ಅಲ್ಲ, ಲಾಗ್‌ಗಳಲ್ಲಿ ಅನಿರೀಕ್ಷಿತ ಎಚ್ಚರಿಕೆಯೋ ದೋಷವೋ ಇದ್ದರೆ ಪರೀಕ್ಷೆಯನ್ನೇ ಸೋಲಿಸುತ್ತದೆ. ಫಲಿತಾಂಶ ಸರಿಯಿದ್ದೂ ಒಳಗೆ ಏನೋ ಗೊಣಗುತ್ತಿರುವ ಕೋಡ್ ಹೀಗೆ ಸಿಕ್ಕಿಬೀಳುತ್ತದೆ. ನನಗೆ ಈ ಏರ್ಪಾಡು ಬಹಳ ಮೆಚ್ಚುಗೆ.

ಎರಡನೆಯ ಪ್ಯಾಕೆಟ್ ಪರೀಕ್ಷೆಯನ್ನು ಇಲ್ಲಿ ಹೀಗೆ ಬರೆಯಬಹುದು. ಟಿಸಿಪಿ ಪೋರ್ಟ್ 80ಕ್ಕೆ ಹೋಗುವುದನ್ನು ಎರಡನೆಯ ಪೋರ್ಟ್‌ಗೆ, ಉಳಿದ ಟಿಸಿಪಿಯನ್ನು ಮೂರನೆಯದಕ್ಕೆ ಕಳಿಸುವ ನಿಯಮಗಳನ್ನು ಸೇರಿಸಿ. ‘ನೆಟ್‌ಡೆವ್-ಡಮ್ಮಿ/ರಿಸೀವ್’ ಮೂಲಕ ಮೊದಲು 80ಕ್ಕೆ, ಬೆನ್ನಲ್ಲೇ ಅದೇ ವಿಳಾಸಗಳಿಂದ 22ಕ್ಕೆ ಒಂದೊಂದು ಪ್ಯಾಕೆಟ್ ಕಳಿಸಿ. ಯಾವ ಪೋರ್ಟ್‌ನಿಂದ ಎಷ್ಟು ಹೊರಬಂದವು ನೋಡಿ. ‘ರಿವ್ಯಾಲಿಡೇಟರ್/ಪರ್ಜ್’ನಿಂದ ಡೇಟಾಪಾತ್ ಖಾಲಿ ಮಾಡಿ, ಈಗ ಕ್ರಮ ತಿರುವಿ 22 ಮೊದಲು, 80 ಆಮೇಲೆ ಕಳಿಸಿ. ಕ್ರಮ ಬದಲಾದರೆ ಫಲಿತಾಂಶ ಬದಲಾಗಕೂಡದು. ಕ್ರಮಕ್ಕೆ ತಕ್ಕಂತೆ ಫಲಿತಾಂಶ ಬದಲಾಯಿತೆಂದರೆ ಮುಸುಕಿನ ದೋಷ ಕೈಗೆ ಸಿಕ್ಕಿತು ಎಂದೇ ಲೆಕ್ಕ.

ಪರೀಕ್ಷೆಯೊಳಗೆ ‘ಸ್ಲೀಪ್’ ಹಾಕಬೇಡಿ. ನಿಧಾನದ ಯಂತ್ರದಲ್ಲಿ ಅದು ಸಾಲದು, ವೇಗದ ಯಂತ್ರದಲ್ಲಿ ಹೊತ್ತು ಹಾಳು. ಸ್ಥಿತಿಗಾಗಿ ಕಾಯಲು ‘ಓವಿಎಸ್_ವೇಟ್_ಅಂಟಿಲ್’ ಇದೆ. ಸಮಯಕ್ಕೆ ಸಂಬಂಧಿಸಿದ ಪರೀಕ್ಷೆಗಳಿಗೆ ‘ಟೈಮ್/ಸ್ಟಾಪ್’, ‘ಟೈಮ್/ವಾರ್ಪ್’ ಇವೆ. ಎಂಎಸಿ ದಾಖಲೆ 300 ಸೆಕೆಂಡ್‌ಗಳ ನಂತರ ಅಳಿಯುತ್ತದೆಯೇ ಎಂದು ನೋಡಲು ಐದು ನಿಮಿಷ ಕೂರಬೇಕಿಲ್ಲ, ಗಡಿಯಾರವನ್ನೇ ಮುಂದೆ ತಳ್ಳಬಹುದು.

ಹಂತ 7: ದಿನನಿತ್ಯ ಏನು ನೋಡಬೇಕು

‘ಡಿಪಿಸಿಟಿಎಲ್/ಶೋ’ ತೋರಿಸುವ ಹಿಟ್, ಮಿಸ್ಡ್, ಲಾಸ್ಟ್ ಎಂಬ ಮೂರು ಎಣಿಕೆಗಳನ್ನು ನಿಮ್ಮ ನಿಗಾ ವ್ಯವಸ್ಥೆಗೆ ಸೇರಿಸಿ. ಲಾಸ್ಟ್ ಏರುತ್ತಿದ್ದರೆ ಅಪ್‌ಕಾಲ್‌ಗಳು ಮೇಲೆ ತಲುಪುವ ಮೊದಲೇ ಬಿದ್ದುಹೋಗುತ್ತಿವೆ ಎಂದರ್ಥ, ಹೊಸ ಸಂಪರ್ಕಗಳು ಆಗ ಪರದಾಡುತ್ತವೆ. ‘ಅಪ್‌ಕಾಲ್/ಶೋ’ ಎಷ್ಟು ಮೆಗಾಫ್ಲೋಗಳಿವೆ, ಮಿತಿ ಎಷ್ಟು ಎಂದು ಹೇಳುತ್ತದೆ. ಗರಿಷ್ಠ ಮಿತಿ ಪೂರ್ವನಿಯೋಜಿತವಾಗಿ 2,00,000. ರಿವ್ಯಾಲಿಡೇಟರ್‌ಗಳು ಸುಸ್ತಾದಾಗ ಸ್ವಿಚ್ ತಾನಾಗಿಯೇ ಮಿತಿಯನ್ನು ತಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಮಿತಿ ಕುಸಿದಿರುವುದೇ ಒಂದು ರೋಗಲಕ್ಷಣ.

ಲಾಗ್‌ನಲ್ಲಿ ‘ಅನ್‌ರೀಸನಬಲಿ ಲಾಂಗ್ ಪೋಲ್ ಇಂಟರ್‌ವಲ್’ ಎಂಬ ಸಾಲು ಆಗೊಮ್ಮೆ ಈಗೊಮ್ಮೆ ಬಂದರೆ ಗಾಬರಿ ಬೇಡ. ನಿಮಿಷಕ್ಕೊಮ್ಮೆ ಬರುತ್ತಿದ್ದರೆ ಸಿಪಿಯು ಸಿಗದೆ ಪ್ರಕ್ರಿಯೆ ಒದ್ದಾಡುತ್ತಿದೆ. ಲಾಗ್‌ನ ವಿವರ ಹೆಚ್ಚಿಸಲು ‘ವಿಲಾಗ್/ಸೆಟ್’ ಇದೆ, ಮರುಪ್ರಾರಂಭ ಬೇಕಿಲ್ಲ. ಬೇಕಾದ ಮಾಡ್ಯೂಲ್‌ಗಷ್ಟೇ ಹೆಚ್ಚಿಸಿ. ಎಲ್ಲಕ್ಕೂ ‘ಡಿಬಿಜಿ’ ಹಚ್ಚಿದರೆ ಡಿಸ್ಕ್ ತುಂಬುತ್ತದೆ, ಹುಡುಕುವುದು ಸಿಗುವುದಿಲ್ಲ.

ಸ್ವಿಚ್‌ಗೆ ನಿಯಮಗಳನ್ನು ಹೊರಗಿನಿಂದ ಕಳಿಸುವ ಕಂಟ್ರೋಲರ್ ಇರುವ ಕಡೆ ‘ಫೇಲ್_ಮೋಡ್’ ಏನಿದೆ ತಿಳಿದಿರಲಿ. ‘ಸ್ಟ್ಯಾಂಡಲೋನ್’ ಆಗಿದ್ದರೆ ಕಂಟ್ರೋಲರ್ ಕೈಕೊಟ್ಟ ಮೇಲೆ ಸ್ವಿಚ್ ಮಾಮೂಲಿ ಕಲಿಯುವ ಸ್ವಿಚ್ ಆಗುತ್ತದೆ, ಅಂದರೆ ನಿಮ್ಮ ತಡೆಗಳೆಲ್ಲ ತೆರೆದುಕೊಳ್ಳಬಹುದು. ‘ಸೆಕ್ಯೂರ್’ ಆಗಿದ್ದರೆ ಇರುವ ನಿಯಮಗಳಷ್ಟೇ ಮುಂದುವರಿಯುತ್ತವೆ. ಪ್ರಯೋಗಾಲಯದಲ್ಲಿ ಕಂಟ್ರೋಲರನ್ನು ಬೇಕೆಂದೇ ನಿಲ್ಲಿಸಿ ಏನಾಗುತ್ತದೆ ನೋಡಿ.

ಹಂತ 8: ಆವೃತ್ತಿ ಏರಿಸುವುದು

ಮೊದಲು ಬ್ಯಾಕಪ್. ‘ಓವಿಎಸ್‌ಡಿಬಿ-ಕ್ಲೈಂಟ್ ಬ್ಯಾಕಪ್’ ಸಂರಚನೆಯನ್ನು ಉಳಿಸುತ್ತದೆ. ಆದರೆ ಓಪನ್‌ಫ್ಲೋ ನಿಯಮಗಳು ಆ ಡೇಟಾಬೇಸ್‌ನಲ್ಲಿ ಇರುವುದೇ ಇಲ್ಲ, ಅವು ‘ಓವಿಎಸ್-ವಿಸ್ವಿಚ್‌ಡಿ’ಯ ಮೆಮೊರಿಯಲ್ಲಿವೆ. ಆದ್ದರಿಂದ ಪ್ರತಿ ಬ್ರಿಡ್ಜ್‌ಗೂ ‘ಓವಿಎಸ್-ಒಎಫ್‌ಸಿಟಿಎಲ್ ಡಂಪ್-ಫ್ಲೋಸ್’ ಆದೇಶವನ್ನು ‘ನೋ-ಸ್ಟ್ಯಾಟ್ಸ್’ ಆಯ್ಕೆಯೊಂದಿಗೆ ಓಡಿಸಿ ಕಡತಕ್ಕೆ ಬರೆದಿಡಿ. ಗ್ರೂಪ್‌ಗಳಿದ್ದರೆ ‘ಡಂಪ್-ಗ್ರೂಪ್ಸ್’ ಪ್ರತ್ಯೇಕ. ಏರಿಸಿದ ಮೇಲೆ ‘ಡಿಫ್-ಫ್ಲೋಸ್’ ಆ ಕಡತವನ್ನೂ ಓಡುತ್ತಿರುವ ಸ್ವಿಚ್ಚನ್ನೂ ಹೋಲಿಸಿ ವ್ಯತ್ಯಾಸ ತೋರಿಸುತ್ತದೆ. ಕಣ್ಣಿನಿಂದ ಹೋಲಿಸಲು ಹೋಗಬೇಡಿ.

‘ಓವಿಎಸ್-ಸಿಟಿಎಲ್ ರೀಸ್ಟಾರ್ಟ್’ ನಿಯಮಗಳನ್ನು ಉಳಿಸಿ ಮರಳಿ ತುಂಬುವ ಕೆಲಸವನ್ನೂ ಮಾಡುತ್ತದೆ. ಬರೀ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದರೆ ಆ ಅನುಕೂಲ ಇಲ್ಲ. ಕರ್ನಲ್ ಡೇಟಾಪಾತ್ ಇದ್ದಾಗ, ‘ಓವಿಎಸ್-ವಿಸ್ವಿಚ್‌ಡಿ’ ನಿಂತಿರುವ ಹೊತ್ತಿನಲ್ಲಿಯೂ ಇರುವ ಮೆಗಾಫ್ಲೋಗಳ ಮೇಲೆ ಹಳೆಯ ಸಂಪರ್ಕಗಳು ಓಡುತ್ತಿರುತ್ತವೆ, ಹೊಸವು ಮಾತ್ರ ಕಾಯಬೇಕಾಗುತ್ತದೆ. ಡಿಪಿಡಿಕೆ ಇದ್ದರೆ ಆ ಕ್ಷಣವೇ ಎಲ್ಲವೂ ನಿಲ್ಲುತ್ತದೆ. ಬಳಕೆದಾರರಿಗೆ ಎಷ್ಟು ಹೊತ್ತಿನ ವ್ಯತ್ಯಯ ಎಂದು ತಿಳಿಸುವ ಮೊದಲು ನಿಮ್ಮದು ಯಾವುದು ನೋಡಿಕೊಳ್ಳಿ.

ಏರಿಸುವಾಗ ಡೇಟಾಬೇಸ್‌ನ ಸ್ಕೀಮಾ (ಟೇಬಲ್, ಕಾಲಂಗಳ ವಿನ್ಯಾಸ) ಪರಿವರ್ತನೆ ತಾನಾಗಿ ಆಗುತ್ತದೆ. ಇಳಿಸುವಾಗ ಹಳೆಯ ಸ್ಕೀಮಾದಲ್ಲಿ ಇಲ್ಲದ ಕಾಲಂಗಳ ಮಾಹಿತಿ ಕಳೆದುಹೋಗುತ್ತದೆ. ಆದ್ದರಿಂದ ಹಿಂದಿರುಗುವ ದಾರಿಯನ್ನೂ ಪ್ರಯೋಗಾಲಯದಲ್ಲಿ ಒಮ್ಮೆ ನಡೆದು ನೋಡಿರಬೇಕು. ಏರಿಸಿದ ಮೇಲೆ ‘ಓವಿಎಸ್-ಆ್ಯಪ್‌ಸಿಟಿಎಲ್ ವರ್ಷನ್’ ಓಡಿಸಿ. ಡಿಸ್ಕ್ ಮೇಲಿರುವುದು ಹೊಸದಾಗಿದ್ದು, ಓಡುತ್ತಿರುವುದು ಹಳೆಯದೇ ಆಗಿರುವುದು ಅಪರೂಪವಲ್ಲ. ಈ ಆದೇಶ ಓಡುತ್ತಿರುವ ಪ್ರಕ್ರಿಯೆಯನ್ನೇ ಕೇಳಿ ಹೇಳುತ್ತದೆ.

ಹಂತ 9: ದೋಷ ಸಿಕ್ಕರೆ

ಹಳೆಯ ಆವೃತ್ತಿಯಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟಿದ್ದರೆ, ಹಂತ 6ರಲ್ಲಿ ಬರೆದ ಪರೀಕ್ಷೆಯನ್ನು ‘ಗಿಟ್ ಬೈಸೆಕ್ಟ್ ರನ್’ಗೆ ಕೊಡಿ. ಅದು ಎರಡು ಆವೃತ್ತಿಗಳ ನಡುವಿನ ಕಮಿಟ್‌ಗಳನ್ನು (ಕೋಡ್ ಬದಲಾವಣೆಗಳನ್ನು) ಅರ್ಧರ್ಧ ಮಾಡುತ್ತ ಹೋಗಿ, ದೋಷ ತಂದ ಕಮಿಟನ್ನು ಹುಡುಕುತ್ತದೆ. ಪ್ರತಿ ನಿಲುಗಡೆಯಲ್ಲಿ ಕಟ್ಟಿ, ಆ ಒಂದೇ ಪರೀಕ್ಷೆ ಓಡಿಸುವ ಸಣ್ಣ ಸ್ಕ್ರಿಪ್ಟ್ ಸಾಕು. ಕಟ್ಟುವುದೇ ಸೋತರೆ 125 ಮರಳಿಸಬೇಕು, ಆಗ ಗಿಟ್ ಆ ಕಮಿಟನ್ನು ಬಿಟ್ಟು ಮುಂದೆ ಹೋಗುತ್ತದೆ. ಪರೀಕ್ಷೆಗಳ ಸಂಖ್ಯೆ ಕಮಿಟ್‌ನಿಂದ ಕಮಿಟ್‌ಗೆ ಬದಲಾಗುವುದರಿಂದ ಸಂಖ್ಯೆಯ ಬದಲು ಕೀಲಿಪದ ಬಳಸಿ.

ತಿದ್ದುಪಡಿಯನ್ನು ನೀವೇ ಬರೆಯುವುದಾದರೆ ಕೆಲವು ಕಟ್ಟಳೆಗಳಿವೆ. ಸಾಲು 79 ಅಕ್ಷರ ಮೀರಬಾರದು. ಕಮಿಟ್‌ನ ಶೀರ್ಷಿಕೆಯಲ್ಲಿ ಮೊದಲು ಕೋಡ್‌ನ ಯಾವ ಭಾಗ ಎಂದು ಬರೆದು, ಕೋಲನ್ ಹಾಕಿ, ಸಾರಾಂಶ ಬರೆದು, ಕೊನೆಗೆ ಪೂರ್ಣವಿರಾಮ ಇಡಬೇಕು. ‘ಸೈನ್ಡ್-ಆಫ್-ಬೈ’ ಸಾಲು ಕಡ್ಡಾಯ. ಯಾವ ಕಮಿಟ್‌ನಿಂದ ದೋಷ ಬಂತೆಂದು ತಿಳಿದಿದ್ದರೆ ಅದರ ಗುರುತಿನ ಮೊದಲ 12 ಅಂಕಿ-ಅಕ್ಷರಗಳೊಂದಿಗೆ ‘ಫಿಕ್ಸಸ್’ ಸಾಲು ಸೇರಿಸಿ. ಯಾವ ಹಳೆಯ ಶಾಖೆಗಳಿಗೆ ಇದು ಹೋಗಬೇಕೆಂದು ನಿರ್ವಾಹಕರು ನಿರ್ಧರಿಸಲು ಅದು ನೆರವಾಗುತ್ತದೆ. ಕಳಿಸುವ ಮೊದಲು ‘ಯುಟಿಲಿಟೀಸ್’ ಡೈರೆಕ್ಟರಿಯ ‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್ ಓಡಿಸಿ. ತಿದ್ದುಪಡಿ ಮೊದಲು ಮುಖ್ಯ ಶಾಖೆಗೆ ಸೇರಿ, ಆಮೇಲೆ ಬೆಂಬಲದಲ್ಲಿರುವ ಹಳೆಯ ಶಾಖೆಗಳಿಗೆ ಇಳಿಯುತ್ತದೆ. ಮುಖ್ಯ ಶಾಖೆಯ ಮೇಲೆ ಪರೀಕ್ಷಿಸದೆ ಬರೀ ಹಳೆಯ ಶಾಖೆಗೆ ಪ್ಯಾಚ್ ಕಳಿಸಿದರೆ ಅದು ಮುಂದೆ ಸಾಗುವುದು ಕಷ್ಟ.

ಕೋಡ್ ಬರೆಯಲಾಗದಿದ್ದರೂ ಒಳ್ಳೆಯ ವರದಿ ಬರೆಯಬಹುದು. ಓಪನ್ ವಿಸ್ವಿಚ್ ಆವೃತ್ತಿ, ಕರ್ನಲ್ ಆವೃತ್ತಿ, ಯಾವ ಡೇಟಾಪಾತ್, ‘ಓವಿಎಸ್-ವಿಎಸ್‌ಸಿಟಿಎಲ್ ಶೋ’ದ ಉತ್ತರ, ದೋಷ ಕಾಣುವ ಪ್ಯಾಕೆಟ್‌ನ ಟ್ರೇಸ್, ಅದೇ ಹೊತ್ತಿನ ಮೆಗಾಫ್ಲೋ ಪಟ್ಟಿ ಇಷ್ಟನ್ನು ಕೊಡಿ. ಟ್ರೇಸ್ ಹೇಳುವುದಕ್ಕೂ ಮೆಗಾಫ್ಲೋ ಪಟ್ಟಿಯಲ್ಲಿ ಕೂತಿರುವುದಕ್ಕೂ ತಾಳೆಯಾಗದಿದ್ದರೆ ಆ ಎರಡು ಸಾಲುಗಳನ್ನು ವರದಿಯ ಮೊದಲಿಗೇ ಹಾಕಿ, ಓದುವವರಿಗೆ ಬೇಕಾದ್ದು ಅವೇ. ದೋಷ ಭದ್ರತೆಗೆ ಸಂಬಂಧಿಸಿದ್ದು ಎಂಬ ಅನುಮಾನವಿದ್ದರೆ ಮಾತ್ರ ಎಲ್ಲಿಯೂ ಬಹಿರಂಗವಾಗಿ ಬರೆಯದೆ, ಯೋಜನೆಯ ಭದ್ರತಾ ತಂಡಕ್ಕೆ ಖಾಸಗಿಯಾಗಿ ತಿಳಿಸಿ, ತಿದ್ದುಪಡಿ ಹೊರಬರುವವರೆಗೆ ಕಾಯಿರಿ.